ಕೌದಿಯ ಮೆತ್ತೆ

“ಹಲೋ... ಹಾಂ, ಹಲೋ. ಯಾರ್ರಿ ಮಾತಾಡೋದು?”

“ಹೌದ್ರಿ, ಸಿಂಧನೂರಿನ ಅಂಗಡೀನ. ಆಟದ ಅರಿವಿ ಹೊಲಿಯೋ ಅಂಗಡಿ... ಪಕೀರಮ್ಮ ಇಲ್ರಿ, ಉಣ್ಣಾಕ ಹೋಗ್ಯಾಳ. ನನಗ ಹೇಳ್ರಿ, ಏನ್ ಬೇಕಾಗಿತ್ತು?”

ಶಿವಕುಮಾರಿ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಮಷೀನಿನಿಂದ ಕಬಡ್ಡಿ ಚಡ್ಡಿಯನ್ನು ಎಳೆದು ದಾರ ಕತ್ತರಿಸಿದಳು. ಅಂಗಡಿಯ ಫೋನು ಎತ್ತುವುದು ಅವಳ ಕೆಲಸವಲ್ಲ, ಕಾಜಾ ಗುಂಡಿ ನೋಡಿಕೊಳ್ಳುವ ಪಕೀರಮ್ಮನದು. ಶಾಲೆಯ ಮಕ್ಕಳಿಗೆ ಆಟದ ಬಟ್ಟೆ ಹೊಲಿಯುತ್ತಿದ್ದ ಅಂಗಡಿ ಅದು. ಊರಿನ ಕೆಲವರು ಬೆಳಗಿನ ಹೊತ್ತು ದೂರ ದೂರ ಸೈಕಲ್ ಹೊಡೆಯತೊಡಗಿದ ಮೇಲೆ, ಕೂರುವ ಜಾಗಕ್ಕೆ ಮೆತ್ತೆ ಇರುವ ಚಡ್ಡಿಗಳೂ ಅದರ ಗೂಟಕ್ಕೆ ಬಂದು ನೇತಾಡಿದ್ದವು.

“ಪ್ಯಾಡಿನ ಚಡ್ಡಿ ಏನ್ರಿ? ಸೈಕಲ್ಲಿಂದು?... ಅದಾವ್ರಿ. ಯಾರಿಗೆ?... ಗೊತ್ತಿದ್ದವರೊಬ್ಬರಿಗೆ. ಹಾಂ. ವಯಸ್ಸು ಎಷ್ಟಿರಬಹುದ್ರಿ ಅವರ್ದು?... ಅರವತ್ತರ ಮ್ಯಾಲ. ಭೇಷ್... ಅಲ್ರಿ, ನಗಾಕತ್ತಿಲ್ಲ, ಖುಷಿಯಾತು ಅಂದೆ.”

“ಎಷ್ಟು ದೂರ ಹೋಗ್ತಾರ? ಹೊಲಕ್ಕ ಹೋಗಿ ಬರಾಕಾದ್ರ ಇದು ಬ್ಯಾಡ್ರಿ, ಸುಳ್ಳ ಯಾಕ ಹೇಳ್ಲಿ... ದೂರ. ಅಂದ್ರ ಎಷ್ಟು?... ದಿನಗಟ್ಟಲೆ. ಹಂಗಾದ್ರ ಬೇಕಾಗ್ತೈತಿ ನೋಡ್ರಿ.”

“ಇಲ್ರಿ, ದಪ್ಪಂದು ಬ್ಯಾಡ. ದಪ್ಪ ಇದ್ದಷ್ಟೂ ಮೆತ್ತಗ ಅಂತ ಎಲ್ಲಾರೂ ತಿಳಕೊಂಡಾರ. ದಪ್ಪಂದು ಒಂದ್ ತಾಸಿನ್ಯಾಗ ಕುಸೀತೈತಿ, ಆಮ್ಯಾಲ ಗಂಟು ಕಟ್ಟಿ ಒತ್ತತೈತಿ. ಬೆರಳಿಲೆ ಒತ್ತಿ ನೋಡ್ಬೇಕು, ಒತ್ತಿದ್ದು ತಿರುಗಿ ಎದ್ದು ಬರ್ಬೇಕು. ಎರಡು ಎಲುಬು ಊರ್ತಾವಲ್ರಿ, ಅಲ್ಲಷ್ಟ ಗಟ್ಟಿ ಇರ್ಬೇಕು, ಸುತ್ತ ತೆಳ್ಳಗ... ಹಾಂ. ಮತ್ತ ನಡುವ ಹೊಲಿಗಿ ಇರ್ಬಾರ್ದು. ತೊಡಿ ಸಂದಿನ್ಯಾಗ ಒಂದ್ ಹೊಲಿಗಿ ಉಬ್ಬಿತ್ತಂದ್ರ ಸಂಜಿಗೆ ಅದು ಗರಗಸ ಆಕ್ಕೈತಿ.”

“ಅಳತಿ? ಬಿಗಿ ಇರ್ಬೇಕ್ರಿ. ಮೈಗೆ ಅಂಟಿದಂಗ. ಸಡಿಲ ಇದ್ರ ಮಡಿಕಿ ಬೀಳ್ತೈತಿ, ಮಡಿಕಿ ಬಿದ್ದಲ್ಲಿ ಬೊಬ್ಬಿ ಏಳ್ತೈತಿ... ಮತ್ತ ಒಂದ್ ಮಾತು, ಎಲ್ಲಾರೂ ಇಲ್ಲೇ ತಪ್ಪತಾರ. ಅದರ ಒಳಗ ಬ್ಯಾರೆ ಚಡ್ಡಿ ಹಾಕ್ಕೋಬಾರ್ದು... ಹೌದ್ರಿ. ಏನೂ ಹಾಕ್ಕೋಬಾರ್ದು.”

ಆ ಕಡೆ ಯಾರೋ ಗಂಟಲು ಸರಿ ಮಾಡಿಕೊಂಡರು. ಮತ್ತೊಮ್ಮೆ. ಆಮೇಲೆ ಇನ್ನೊಮ್ಮೆ, ಸಣ್ಣಗೆ. ಶಿವಕುಮಾರಿಯ ಕತ್ತರಿ ಕೈಯಲ್ಲೇ ನಿಂತಿತು. ನಾಚಿಕೆಯಾದಾಗ ಹಾಗೆ ಕೆಮ್ಮುವ ಮನುಷ್ಯ ಅವಳ ಬಳಗದಲ್ಲಿ ಒಬ್ಬರೇ.

“ಮಾಮಾ?... ಅಮರಗುಂಡಪ್ಪ ಮಾಮಾ, ನೀವೇನ್ರಿ?... ಹಾಂ, ಸುಮ್ನಾದ್ರ ಗೊತ್ತಾಗಂಗಿಲ್ಲೇನು? ಗೊತ್ತಿದ್ದವರಿಗೆ ಅಂತ! ನಿಮಗ ನೀವ ಗೊತ್ತಿದ್ದವರು, ಅಲ್ವಾ?”

“ಪಕೀರಮ್ಮ ಎತ್ತತಾಳ ಅನ್ಕೊಂಡಿದ್ರಾ... ಮತ್ತ ಇದು ಯಾರ ನಂಬರು?... ಜಾಹೀದಂದು. ಸೈಕಲ್ ರಿಪೇರಿ ಅಂಗಡ್ಯಾಗ ನಿಂತು ಮಾತಾಡಾಕತ್ತೀರಿ? ಹೊರಗ ಬರ್ರಿ ಮೊದ್ಲ. ಬೇವಿನ ಗಿಡದ ಬುಡಕ್ಕ ಹೋಗ್ರಿ... ಹೋದ್ರಾ? ಹಾಂ. ಈಗ ಹೇಳ್ರಿ. ಎಲ್ಲಿಗೆ?”

ಕೇಳಿದಳೇ ಹೊರತು ಉತ್ತರ ಅವಳಿಗೆ ಗೊತ್ತಿತ್ತು. ಯುಗಾದಿ ಹತ್ತಿರ ಬಂದಿತ್ತು. ಲಿಂಗಸೂಗೂರು, ಮುದಗಲ್ ಕಡೆಯಿಂದ ಶ್ರೀಶೈಲಕ್ಕೆ ನಡೆದು ಹೋಗುವವರು ಇನ್ನು ಕೆಲವೇ ದಿನಗಳಲ್ಲಿ ಸಿಂಧನೂರಿನ ರಸ್ತೆ ತುಂಬುವವರಿದ್ದರು. ಅಕ್ಕ ಸಂಗಮ್ಮ, ಈ ಮಾಮನ ಹೆಂಡತಿ, ಪ್ರತಿ ವರ್ಷ ಮಸ್ಕಿಯಿಂದ ಅವರ ಜೊತೆ ಸೇರಿಕೊಳ್ಳುತ್ತಿದ್ದಳು. ಮೊದಲ ರಾತ್ರಿಯ ವಸ್ತಿ ತಂಗಿಯ ಮನೆಯಲ್ಲಿ. ಒಮ್ಮೆ ಲಾರಿ ತಾಗಿ ಗಂಡನ ಕಾಲು ಮುರಿದು, ಕಾಲು ಉಳಿಯುವುದೇ ಅನುಮಾನ ಎಂದಾಗ ಅವಳು ಶ್ರೀಶೈಲದ ಮಲ್ಲಯ್ಯನಿಗೆ ಬೇಡಿಕೊಂಡಿದ್ದಳು: ಇವರು ಎದ್ದು ನಿಂತರೆ ನಾನು ಇಷ್ಟು ವರ್ಷ ನಿನ್ನಲ್ಲಿಗೆ ನಡೆದು ಬರುತ್ತೇನೆ. ಅವರು ಎದ್ದು ನಿಂತರು. ಅವಳು ವರ್ಷ ವರ್ಷ ನಡೆದಳು. ಹರಕೆ ಮುಗಿಯಲು ಇದೊಂದು ಸಲ ಉಳಿದಿತ್ತು. ಕಾರ್ತಿಕದಲ್ಲಿ ಬಂದ ಜ್ವರ ಅವಳನ್ನೇ ಕರೆದುಕೊಂಡು ಹೋಯಿತು.

“ಬಸ್ಸಿಗೆ ಹೋಗ್ರಿ ಮಾಮಾ. ದೇವರೇನು ನಿಮ್ಮ ಟಿಕೀಟು ಕೇಳ್ತಾನ?... ಹೌದು. ಆಕಿ ಬಸ್ಸಿಗೆ ಹೋಗ್ಲಿಲ್ಲ... ಹೌದ್ರಿ, ಒಂದ್ಸಲಾನೂ ಹೋಗ್ಲಿಲ್ಲ.”

“ದವಾಖಾನ್ಯಾಗ ಕೇಳೀರಾ?... ನಡ್ಯಾಕ ಬ್ಯಾಡ, ಸೈಕಲ್ ಆಕ್ಕೈತಿ ಅಂದ್ರಾ? ಮೊಣಕಾಲಿಗೆ ಭಾರ ಬೀಳಂಗಿಲ್ಲ, ಅದು ಖರೆ. ಎದಿ ನೋಡಿಸೀರಾ?... ಅದೂ ನೋಡ್ಯಾರ. ಅಂದ್ರ ಎಲ್ಲಾ ಮುಗಿಸ್ಕೊಂಡು ಕುಂತೀರಿ, ನಾ ಹೇಳೋದೇನೂ ಉಳಿದಿಲ್ಲ. ಆತು.”

“ಒಂದ್ಸಲ ಹೊಡದು ನೋಡೀರಾ?... ಲಿಂಗಸೂಗೂರಿಗೆ. ಹೋಗೋ ಮುಂದ ಹೆಂಗಿತ್ತು?... ಚಲೋ ಇತ್ತು. ಬರೋ ಮುಂದ?... ಮಾಮಾ, ಬರೋ ಮುಂದ ಹೆಂಗಿತ್ತಂದೆ?... ಬಸ್ಸಿನ ಮ್ಯಾಲ ಸೈಕಲ್ ಹಾಕ್ಕೊಂಡು ಬಂದ್ರಾ. ಕುಂತು ಬಂದ್ರೊ, ನಿಂತು ಬಂದ್ರೊ?... ಸೀಟು ಇದ್ದಿದ್ದಿಲ್ಲಾ?... ಇತ್ತು. ಇದ್ರೂ ನಿಂತು ಬಂದ್ರಿ.”

ಶಿವಕುಮಾರಿ ಸ್ಟೂಲಿನಿಂದ ಎದ್ದು ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿದಳು.

“ರಕ್ತ ಬಂದೈತಾ?... ನಾಚಿಕಿ ಬಿಡ್ರಿ. ನನ್ನ ಮದವ್ಯಾಗ ಬಾಗಿಲಾ ಹಿಡದು ಎಷ್ಟು ಕಾಡಿಸಿದ್ರಿ ನನ್ನ, ಆಗೆಲ್ಲಿತ್ತು ಈ ನಾಚಿಕಿ? ಅಕ್ಕ ಇದ್ದಿದ್ರ ಆಕಿ ಕೇಳ್ತಿದ್ಲು. ಇಲ್ಲಲ್ಲ. ನಾ ಕೇಳಾಕತ್ತೀನಿ. ಬಂದೈತಾ?... ಜರಾ. ಜರಾ ಅಂದ್ರ ಅರಿವಿಗೆ ಹತ್ತಿತ್ತಾ?... ಹತ್ತಿತ್ತು. ಅಯ್ಯ ಶಿವನ.”

“ಏನ್ ಹಾಕ್ಕೊಂಡಿದ್ರಿ?... ಪೈಜಾಮಾ. ಅದರೊಳಗ?... ಮೆತ್ತಿ ಹೊಲಿಸಿದ್ರಾ! ಯಾರ ಕಡಿಂದ?... ನೀವ? ಗುಂಡಿ ಕಿತ್ರ ಅಂಗೀನ ಬಿಸಾಕೋ ಮನುಷ್ಯಾ, ನೀವ ಸೂಜಿ ಹಿಡದು ಹೊಲದ್ರಿ?... ಎದರ್ದು ಹಾಕಿದ್ರಿ ಮೆತ್ತಿಗೆ? ಹತ್ತೀದಾ?... ಮತ್ತ?... ಎದರ್ದು?... ಮಾಮಾ, ಇನ್ನೊಂದ್ಸಲ ಹೇಳ್ರಿ.”

ಕೌದಿಯದು ಎಂದರು ಅವರು. ಸಂಗಮ್ಮನ ಕೌದಿಯದು.

ಆ ಕೌದಿ ಶಿವಕುಮಾರಿಗೆ ತನ್ನ ಅಂಗೈಯಷ್ಟು ಗೊತ್ತಿತ್ತು. ಆ ಕಡೆಯ ಮನೆಗಳಲ್ಲಿ ಹಳೆಯ ಬಟ್ಟೆಯನ್ನು ಎಸೆಯುವುದಿಲ್ಲ. ಪದರದ ಮೇಲೆ ಪದರವಿಟ್ಟು, ಇರುವೆ ಸಾಲಿನಂತೆ ಸಣ್ಣ ಹೊಲಿಗೆ ಹಾಕಿ ಹೊದೆಯಲು ಹಾಸಲು ಮಾಡುತ್ತಾರೆ. ಅಕ್ಕನ ಕೌದಿಯಲ್ಲಿ ಅವ್ವನ ಎರಡು ಸೀರೆಗಳಿದ್ದವು. ನಟ್ಟನಡುವೆ ಹಸಿರು ಅಂಚಿನ ಒಂದು ಚೌಕ ಇತ್ತು. ಅದು ಶಿವಕುಮಾರಿ ಶಾಲೆಗೆ ಉಟ್ಟು ಹೋಗುತ್ತಿದ್ದ ಲಂಗ. ಅವ್ವ ಹೋದ ಮೇಲೆ ಅವ್ವನದೆಂದು ಮುಟ್ಟಲು ಉಳಿದದ್ದು ಆ ಕೌದಿ ಒಂದೇ.

“ಕತ್ತರಿ ಹಾಕಿದ್ರಾ ಅದಕ್ಕ?... ಹಾಕಿದ್ರೊ ಇಲ್ಲೊ?... ಹಾಕಿದ್ರಿ. ಯಾರನ್ನ ಕೇಳಿ ಹಾಕಿದ್ರಿ? ನಮ್ಮವ್ವನ ಸೀರಿ ಅದಾವ ಅದರಾಗ, ಗೊತ್ತೈತಾ ನಿಮಗ? ಇಳಕಲ್ಲ ಸೀರಿ ಒಂದ, ಮನ್ಯಾಗ ಉಡೋದೊಂದ. ಅಕ್ಕ ಎರಡು ಮಳಿಗಾಲ ಕುಂತು ಹೊಲದ ಕೌದಿ ಅದು! ಒಂದು ಫೋನ್ ಮಾಡಾಕ ಏನಾಗಿತ್ತು ನಿಮಗ? ಮಸ್ಕಿ ಏನು ಸಮುದ್ರದಾಚಿಗೆ ಐತೇನು?”

“ಮಾತಾಡ್ರಿ... ಏನು? ಆಕಿ ಜೋಡಿ ಬರ್ಲಿ ಅಂತಾ? ಅದಕ್ಕ ಆಕಿ ಮ್ಯಾಲ ಕುಂತು ಹೋಗೋದೇನು? ಇದ್ದಾಗ ಭಾರ ಹಾಕಿದ್ದು ಸಾಲ್ಲಿಲ್ಲೇನ್ರಿ ಮಾಮಾ? ನಿಮ್ಮ ಕಾಲಿನ ನಡಿಗಿ ಆಕಿ ನಡದ್ಲು. ನೀವು ಹಾಸಿಗ್ಯಾಗಿದ್ದಾಗ ನಿಮ್ಮ ಅಂಗಡ್ಯಾಗ ಆಕಿ ಕುಂತ್ಲು. ಈಗ ಹೋದ ಮ್ಯಾಲೂ ಆಕೀನ್ನ ತೊಡಿ ಅಡಿಗೆ...”

ಮಾತು ಅಲ್ಲಿಗೇ ತುಂಡಾಯಿತು. ಆಡಿದ್ದು ಹೆಚ್ಚಾಯಿತೆಂದು ಅವಳಿಗೇ ಅನಿಸಿತು. ರಸ್ತೆಯಲ್ಲಿ ಭತ್ತದ ಲಾರಿಯೊಂದು ಹಾಯ್ದು, ಗೂಟದ ಚಡ್ಡಿಗಳೆಲ್ಲ ಒಮ್ಮೆ ಅಲುಗಿದವು.

“ಹಲೋ... ಹಲೋ, ಅದೀರಾ?... ಹಾಂ. ಅದೀರಲ್ಲ, ಆತು.”

“ಕೇಳ್ರಿ, ಸಿಟ್ಟಿಲೆ ಅಂದೆ. ಈಗ ಕೆಲಸದ ಮಾತು ಹೇಳ್ತೀನಿ. ಕೌದಿ ಮಲಗಾಕ ಚಲೋ. ಸುಮ್ನ ಇರೋ ಮೈಗೆ ಅದರಂಥಾದ್ದು ಇನ್ನೊಂದಿಲ್ಲ. ಸೈಕಲ್ ಮ್ಯಾಲ ಮೈ ಸುಮ್ನ ಇರಂಗಿಲ್ಲಲ್ರಿ, ಉಜ್ಜತೈತಿ. ನೂಲಿನ ಅರಿವಿ ಬೆವರು ಕುಡದು ಹಸಿ ಇರ್ತೈತಿ. ಅದರ ಮ್ಯಾಲ ಆ ಸಾಲು ಹೊಲಿಗಿ. ಸಾವಿರ ಹೊಲಿಗಿ ನಿಮ್ಮ ತೊಗಲು ಕೆರದಾವ. ಆಕಿ ಹಂಗ ಹೊಲದಿದ್ದು ನಿಮಗ ಬೆಚ್ಚಗಿರ್ಲಿ ಅಂತ, ಗಾಯ ಆಗ್ಲಿ ಅಂತ ಅಲ್ಲ.”

“ಹಾಂ... ಅಳ್ರಿ, ಅಳ್ರಿ. ಗಿಡದ ಬುಡಕ್ಕ ಯಾರೂ ಇಲ್ಲಲ್ಲ.”

ಅವಳು ಸೆರಗಿನಿಂದ ತನ್ನ ಮೂಗನ್ನೂ ಒರೆಸಿಕೊಂಡಳು. ಒರೆಸಿಕೊಂಡದ್ದು ಆ ಕಡೆಗೆ ಕೇಳಿಸದಂತೆ ಫೋನನ್ನು ದೂರ ಹಿಡಿದಿದ್ದಳು.

“ಮೊದ್ಲ ಗಾಯ ಮಾಯಬೇಕು. ಅಲ್ಲೀತನ ಸೈಕಲ್ ಮುಟ್ಟಬ್ಯಾಡ್ರಿ. ದವಾಖಾನ್ಯಾಗ ತೋರಿಸ್ರಿ, ಮತ್ತ ನಾಚಿಕಿ ಅಂತ ಕುಂತ್ರ ಕೀವು ಆಕ್ಕೈತಿ... ಹಾಂ. ಆಮ್ಯಾಲ ಇಲ್ಲಿಗೆ ಬರ್ರಿ, ಹಾಕ್ಕೊಂಡು ನೋಡ್ರಿ. ಬರೇ ನಿಂತು ನೋಡಿದ್ರ ತಿಳ್ಯಂಗಿಲ್ಲ, ಬಗ್ಗಿ ನೋಡ್ಬೇಕು, ಹ್ಯಾಂಡಲ್ ಹಿಡದಂಗ. ನಿಂತಾಗ ಬಿಗಿ ಅನಿಸಿದ್ದು ಬಗ್ಗಿದಾಗ ಬರೋಬ್ಬರಿ ಆಕ್ಕೈತಿ. ಎರಡು ಒಯ್ರಿ, ಒಂದು ಒಗ್ಯಾಕ, ಒಂದು ಹಾಕ್ಕೊಳ್ಳಾಕ. ದಿನಾ ಒಗೀಬೇಕು, ತಿರುವಿ ನೆರಳಾಗ ಒಣಗಿಸ್ಬೇಕು. ಹಸೀದು ಮಾತ್ರ ಹಾಕ್ಕೋಬ್ಯಾಡ್ರಿ.”

“ಹೆಗಲಿಗೆ ಪಟ್ಟಿ ಇರೋದಾ? ಹುಡುಗ್ರು ಅದನ್ನ ಒಯ್ತಾರ. ಹೊಟ್ಟಿಗೆ ಹಿಡಿಯಂಗಿಲ್ಲ, ಚಲೋನ. ಆದ್ರ ನೀವು ತಾಸಿಗೊಮ್ಮೆ ಒಂದಕ್ಕ ಹೋಗೋರು, ಸಾರಿ ಸಾರಿ ಬಿಚ್ಚೋದು ಯಾರು? ನಡುಪಟ್ಟಿ ಅಗಲ ಇರೋದು ಕೊಡ್ತೀನಿ. ತೊಡಿ ತನಕ ಉದ್ದ ಇರ್ಬೇಕು.”

“ಅಯ್ಯ, ಯಾರ್ ನೋಡ್ತಾರ ನಿಮ್ಮನ್ನ? ಜಂಗಮರು ಇರ್ತಾರಂತ! ಮ್ಯಾಲ ಸಡಿಲ ಪೈಜಾಮಾ ಹಾಕ್ಕೊಳ್ರಿ, ಚೈನಿನ ಕಡಿ ಕಾಲಿಗೆ ಒಂದು ದಾರ ಕಟ್ರಿ. ಜಂಗಮರಿಗೆ ಒಳಗೇನೈತಿ ಅಂತ ತಿಳಿಯಂಗಿಲ್ಲ... ಹಾಂ, ನಕ್ರಲ್ಲ. ಭೇಷಾತು.”

“ಮತ್ತ ಆತ್ಮಕೂರು ದಾಟಿದ ಮ್ಯಾಲ ನಡಿಯೋರು ಕಾಡ ಹಿಡೀತಾರ. ಅವರ ಹಿಂದ ಹೋಗಬ್ಯಾಡ್ರಿ, ಅಲ್ಲಿ ಸೈಕಲ್ ಹೋಗಂಗಿಲ್ಲ. ನಿಮ್ಮದು ಡಾಂಬರ್ ರಸ್ತೆ. ಘಾಟಿನ್ಯಾಗ ಇಳಿದು ತಳ್ಳರಿ. ತಳ್ಳಿದ್ರ ಹರಕಿ ಕೆಡಂಗಿಲ್ಲ.”

“ಏನು?... ಆಕಿ ಹೆಂಗ ಜೋಡಿ ಬರ್ತಾಳಂತಾ?”

ಪ್ರತಿ ವರ್ಷ ಅಕ್ಕ ಹೊಸ್ತಿಲು ದಾಟುವಾಗ ಅವಳ ಹೆಗಲಿನಲ್ಲಿ ಇರುತ್ತಿದ್ದ ಚೀಲ ಶಿವಕುಮಾರಿಯ ಕಣ್ಣಿಗೆ ಕಟ್ಟಿತು. ವಿಭೂತಿ, ಒಣ ರೊಟ್ಟಿ, ಶೇಂಗಾ ಚಟ್ನಿಪುಡಿ. ಆ ಚೀಲ ಇಳಿಸಿಕೊಂಡು, ಅಕ್ಕನ ಪಾದಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದವಳು ಇವಳೇ.

“ಹೆಗಲಿಗೆ ಹಾಕ್ಕೊಂಡು ಹೋಗ್ರಿ ಮಾಮಾ... ಹಾಂ. ಆ ಮೆತ್ತಿ ಬಿಚ್ಚಿ ತುಂಡು ತರ್ರಿ. ನೀವು ತೊಳೀಬ್ಯಾಡ್ರಿ, ರಕ್ತದ ಕಲಿ ನಾ ತೊಳೀತೀನಿ. ಅದರ್ದ ಒಂದು ಚೀಲ ಹೊಲಿದು ಕೊಡ್ತೀನಿ. ಆಕಿ ನಿಮ್ಮನ್ನ ಹೊತ್ತಿದ್ಲು. ಈ ಸಲ ನೀವು ಆಕೀನ್ನ ಹೊರ್ರಿ.”

“ಉಳಿದ ಕೌದೀನೂ ತರ್ರಿ. ಅವ್ವನ ಸೀರಿ ಎಲ್ಲೆಲ್ಲಿ ತುಂಡಾಗ್ಯಾವ ನೋಡ್ತೀನಿ, ತ್ಯಾಪಿ ಹಾಕಿ ಜೋಡಿಸ್ತೀನಿ... ಏನಂದ್ರಿ?... ಕತ್ತರಿಸಿಲ್ಲಾ? ಈಗರ ಕತ್ತರಿ ಹಾಕೀನಿ ಅಂದ್ರಲ್ಲ!... ಅಂಚಿಂದು? ಯಾವ ಅಂಚು?... ನಿಮ್ಮ ಮಗ್ಗಲ ಕಡಿಂದು.”

“ನಿಮ್ಮ ಅಂಗಿ ತುಂಡು ಇದ್ದಿದ್ದಾ?... ಹೌದು. ಹೌದು, ಬಿಳಿ ಅಂಗಿ. ಆಕಿ ಅವನ್ನ ಅಂಚಿಗೆ ಹಚ್ಚಿದ್ಲು... ಅಷ್ಟ ಕತ್ತರಿಸೀರಿ. ಮತ್ತ ಅವ್ವಂದು?... ಹಂಗ ಐತಿ. ನಡುವಿನ ಹಸಿರು?... ಅದಕ್ಕ ಕೈ ಹಚ್ಚಿಲ್ಲ. ಆಕಿ ಹೇಳಿದ್ಲಾ? ಅದು ನನ್ನ ತಂಗೀದು, ಅದರ ಮ್ಯಾಲ ಕಾಲು ಚಾಚಬ್ಯಾಡ್ರಿ ಅಂತ... ನನಗ ಯಾವತ್ತೂ ಹೇಳಿದ್ದಿಲ್ರಿ ಆಕಿ.”

“ಹಾಂ... ಹಾಂ, ಕೇಳಿಸ್ತು. ಅರಿವಿ ನಿಮ್ಮದು, ಹೊಲಿಗಿ ಆಕೀದು.”

ಅವಳು ಮಷೀನಿಗೆ ಒರಗಿ ನಿಂತಳು. ಅಷ್ಟೊಂದು ಬೈದಿದ್ದಳು. ಅವ್ವನ ಹೆಸರು ತೆಗೆದು ಬೈದಿದ್ದಳು. ಆ ಮನುಷ್ಯ ಒಂದು ಮಾತೂ ಎದುರಾಡಿರಲಿಲ್ಲ.

“ಅಲ್ರಿ ಮಾಮಾ, ನಾ ಅಷ್ಟು ಬೈಯೋ ಮುಂದ ಇದನ್ನ ಯಾಕ ಹೇಳ್ಲಿಲ್ಲ? ಸುಮ್ನ ಯಾಕ ಬೈಸ್ಕೊಂಡ್ರಿ?... ಯಾಕಂತ?... ಜೋರಾಗಿ ಹೇಳ್ರಿ, ಲೈನು ಸರಿ ಇಲ್ಲ... ಆಕಿ ಹೋದ ಮ್ಯಾಲ... ಹಾಂ... ಆಕಿ ಹೋದ ಮ್ಯಾಲ ನಿಮ್ಮನ್ನ ಯಾರೂ ಬೈದಿದ್ದಿಲ್ಲಾ...”

“ಅದಕ್ಕ ಕೇಳ್ಕೊಂತ ನಿಂತಿದ್ರಾ... ಆಕಿ ಧ್ವನಿಯಂಗ ಕೇಳಿಸ್ತಾ?”

“ಹಲೋ?... ಮಾಮಾ?”

ಫೋನಿನಲ್ಲಿ ಉಸಿರಾಟವೂ ಇರಲಿಲ್ಲ. ಲೈನು ಕಡಿದಿತ್ತು. ಶಿವಕುಮಾರಿ ಅದನ್ನು ಕಿವಿಯಿಂದ ಇಳಿಸಲಿಲ್ಲ.

“ಮೊದಲ ರಾತ್ರಿ ನಮ್ಮ ಮನ್ಯಾಗ ಇಳೀಬೇಕು, ಹೇಳಿದ್ದು ತಿಳೀತಾ? ಅಲ್ಲಿ ಇಲ್ಲಿ ಗುಡ್ಯಾಗ ಮಲಗಿದ್ದು ಕೇಳಿಬಂತಂದ್ರ ನೋಡ್ರಿ... ಬಿಸಿನೀರು ಕಾಸಿಟ್ಟಿರ್ತೀನಿ. ಎಣ್ಣೀನೂ ಇಟ್ಟಿರ್ತೀನಿ... ಮಾಮಾ, ಬೈಯಾಕತ್ತೀನಿ, ಕೇಳಾಕತ್ತೀರಿಲ್ಲೋ?... ಹಲೋ...”