ಬುಟ್ಟಿಯ ಹಿಂದಿನ ಕುರ್ಚಿ

ಹಲೋ… ಹಲೋ, ಯಾರು ಮಾತಾಡ್ತಿರೋದು?… ಸ್ವಲ್ಪ ಜೋರಾಗಿ ಹೇಳಿ, ಪೆಟ್ರೋಲ್ ಬಂಕಿನಲ್ಲಿದ್ದೀನಿ, ಒಂದೇ ಗಲಾಟೆ…

ಗ್ರೇಡಿಯ ತಾಯಿನಾ? ಯಾವ ಗ್ರೇಡಿ… ಓ, ನಲವತ್ನಾಲ್ಕು ನಂಬರಿನ ಹುಡುಗನಾ? ಆ ಎತ್ತರದವನು? ಹಾಂ, ಹಾಂ, ಗೊತ್ತಾಯ್ತು. ಡೇರಿಯನ್ ಟೀಮಿನಲ್ಲೇ ಆಡ್ತಾನಲ್ವಾ…

ಹೌದಮ್ಮ, ನಾನೇ, ರಸ್. ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಸಿಸ್ಟೆಂಟ್ ಕೋಚ್… ನಂಬರ್ ಡೇರಿಯನ್ ತಾಯಿ ಕೊಟ್ರಾ? ಪರವಾಗಿಲ್ಲ ಬಿಡಿ. ಆಟದ ದಿನ ನಿಮ್ಮ ಹೈಸ್ಕೂಲಿನಲ್ಲಿ, ಕೋಚ್‌ಗಳ ಕೋಣೆಯಲ್ಲಿ ಆ ಪರ್ಸಿಮನ್ ಹಣ್ಣಿನ ಪುಡಿಂಗ್ ಬಡಿಸಿದವರು ನೀವೇ ತಾನೆ?… ಅಯ್ಯೋ, ನಾನು ಎರಡೆರಡು ಸಲ ಹಾಕಿಸ್ಕೊಂಡೆ. ಇಂಡಿಯಾನಾದ ಅರ್ಧ ಹೈಸ್ಕೂಲುಗಳಲ್ಲಿ ತಿಂದು ಬೆಳೆಸಿದ ಹೊಟ್ಟೆ ಇದು, ಅಂಥದ್ದು ಎಲ್ಲೂ ಸಿಕ್ಕಿರಲಿಲ್ಲ…

ನನಗೋಸ್ಕರಾನೇ ಮಾಡ್ತಿದ್ರಾ?… ಯಾಕಮ್ಮ ಅಷ್ಟು ತೊಂದ್ರೆ ತಗೊಂಡ್ರಿ…

ಹಾಂ, ಆಟ ನೋಡೋಕೆ ಬಂದಿದ್ದೆ. ಮೂರು ಸಲ. ಬುಟ್ಟಿ ಹಿಂದಿನ ಕುರ್ಚಿ, ಅದೇ… ಕಾಲೇಜಿನ ಹೆಸರಿದ್ದ ಅಂಗಿ, ಹೌದು. ಆಟದ ದಿನ ನಾವು ಹುಡುಗರ ಹತ್ರ, ಮನೆಯವರ ಹತ್ರ ಮಾತಾಡೋ ಹಾಗಿಲ್ಲ, ನಿಯಮ. ಕೂತು ಮುಖ ತೋರಿಸಿ ಬರೋದಷ್ಟೇ…

ನಾನು ಹೆಬ್ಬೆರಳು ಎತ್ತಿದ್ನಾ? ಗ್ರೇಡಿಗೆ?… ಎತ್ತಿರಬೇಕು. ಹುಡುಗ ನನ್ನ ನೋಡಿ ನಕ್ಕ, ನಾನೂ ಏನೋ…

ಅವನಲ್ಲಿ ಏನು ಕಂಡಿರಿ ಅಂದ್ರೆ… ನೋಡಿ, ಏಳಡಿ ಮುಟ್ಟೋ ಹುಡುಗರ ವಿಷಯ ಬೇರೆ. ಕುಳ್ಳ ಹುಡುಗ ಹದಿನೇಳಕ್ಕೇ ಏನಾಗಬೇಕೋ ಆಗಿರ್ತಾನೆ. ಇವರದ್ದು ಮೂಳೆ ಮುಂದೆ ಓಡುತ್ತೆ, ಮಾಂಸ ಹಿಂದಿನಿಂದ ಬರುತ್ತೆ. ಎರಡು ಮೂರು ವರ್ಷ ಬೆಂಚಿನ ಮೇಲೆ ಕೂರಿಸಿ, ಉಣ್ಣಿಸಿ, ಭಾರ ಎತ್ತಿಸಿ ಕಾಯಬೇಕು. ಎಷ್ಟು ಅಂಕ ಹಾಕಿದ ಅಂತ ಯಾರು ನೋಡ್ತಾರೆ? ಪಾದ ಹೇಗೆ ಇಡ್ತಾನೆ, ಬಂದ ಚೆಂಡನ್ನ ಹಿಡೀತಾನಾ ಚೆಲ್ತಾನಾ, ಬೈದಾಗ ಮುಖ ಎಲ್ಲಿ ಇಡ್ತಾನೆ, ಇದನ್ನ ನೋಡಬೇಕು…

ಗ್ರೇಡಿದಾ? ಚೆನ್ನಾಗಿದೆ. ಪಾದ… ಚೆನ್ನಾಗಿದೆ. ಬಲಗೈ ತಿರುಗಿಸಿ ಚೆಂಡು ಹಾಕ್ತಾನಲ್ಲ, ಅದೂ ಚೆನ್ನಾಗಿದೆ… ಹಲೋ? ಏನಾದ್ರೂ ಅಂದ್ರಾ?… ಇಲ್ಲ, ಸುಮ್ಮನಾಗಿಬಿಟ್ರಲ್ಲ, ಅದಕ್ಕೆ ಕೇಳಿದೆ…

ಏನು? ಬೇಡ ಅಂದುಬಿಟ್ರಾ? ಯಾರಿಗೆ?… ನಿಧಾನವಾಗಿ ಹೇಳಿ… ಕೆಂಟಕಿಯ ಆ ಸಣ್ಣ ಕಾಲೇಜಿಗಾ? ಫೀಸು, ರೂಮು, ಊಟ ಎಲ್ಲಾ ನಮ್ಮದೇ ಅಂದಿದ್ರಾ?… ಇವತ್ತು ಬೆಳಿಗ್ಗೆ ಬೇಡ ಅಂದ್ರಾ? ಯಾಕಮ್ಮ?…

ನಾನು ಬರ್ತಿದ್ದೆ ಅಂತಾನಾ…

ನಿಜ, ಡೇರಿಯನ್ ನಮ್ಮ ಕಾಲೇಜಿಗೇ ಆಡ್ತೀನಿ ಅಂತ ಆಗಲೇ ಮಾತು ಕೊಟ್ಟಾಗಿದೆ… ಹಾಗಾದ್ರೆ ಈ ಕೋಚ್ ಇನ್ನೂ ಯಾಕೆ ಬರ್ತಾನೆ, ನಮ್ಮ ಗ್ರೇಡಿಗೋಸ್ಕರಾನೇ ಇರಬೇಕು ಅಂದ್ಕೊಂಡ್ರಿ… ಕಟಿಂಗ್ ಶಾಪಿನಲ್ಲೂ ಅದೇ ಮಾತಾ?… ಹೂಂ. ಯಾರಾದ್ರೂ ಹಾಗೇ ಅಂದ್ಕೋತಾರೆ. ನಿಮ್ಮ ತಪ್ಪಿಲ್ಲ…

ಅಮ್ಮಾ, ಒಂದ್ನಿಮಿಷ. ಥ್ಯಾಂಕ್ಸ್ ಹೇಳಬೇಡಿ. ದಯವಿಟ್ಟು ಹೇಳಬೇಡಿ. ಮೊದಲು ನಾನು ಹೇಳೋದು ಕೇಳಿ…

ನಾನು ಬಂದಿದ್ದು ಡೇರಿಯನ್‌ಗೋಸ್ಕರ. ಮೂರು ಸಲಾನೂ… ಮಾತು ಕೊಟ್ಟ ಹುಡುಗನನ್ನೂ ಕಾಯಬೇಕಮ್ಮ. ಒಲೆ ಮೇಲಿನ ಹಾಲು ಇದ್ದ ಹಾಗೆ, ಈ ಕಡೆ ತಿರುಗಿದ್ರೆ ಆ ಕಡೆ ಉಕ್ಕಿ ಹೋಯ್ತು. ಬೇರೆ ಕಾಲೇಜಿನವರು ಎಳ್ಕೊಂಡು ಹೋಗ್ತಾರೆ. ಅವನ ಕಣ್ಣಿಗೆ ಬೀಳಲಿ ಅಂತ ಅಲ್ಲಿ ಕೂತಿದ್ದೆ. ಅಷ್ಟೇ…

ಗ್ರೇಡಿಯನ್ನ ನಾವೇ ತಗೋಬಹುದಲ್ವಾ ಅಂತಾನಾ?…

ಇಲ್ಲಮ್ಮ, ನಮ್ಮಲ್ಲಿ ಜಾಗ ಇಲ್ಲ. ನಾನು ಕೇಳಿದ್ರೂ ಕೊಡಲ್ಲ. ನಮ್ಮ ದೊಡ್ಡ ಕೋಚ್‌ಗೆ ಕಾಯೋ ತಾಳ್ಮೆ ಇಲ್ಲ. ಬೇರೆ ಕಾಲೇಜಿನಲ್ಲಿ ಆಡಿ ಪಳಗಿದ, ಗಡ್ಡ ಬಂದ ಆಳನ್ನೇ ತರ್ತಾರೆ. ಬಿತ್ತಿ ಬೆಳೆಯೋದು ಯಾರಿಗೆ ಬೇಕು, ಕೊಯ್ಲಿಗೆ ಬಂದದ್ದು ಸಿಗೋವಾಗ… ಕೆಂಟಕಿಯವರು ಏನಂದಿದ್ರು? ಮೂರು ವರ್ಷ ಕಾಯ್ತೀವಿ ಅಂದ್ರಾ?… ಮನೆಗೆ ಬಂದು, ಬರಿಗಾಲಲ್ಲಿ ನಡೆಸಿ ನೋಡಿದ್ರಾ?… ಹಾಗೇ ನೋಡಬೇಕು. ಅವರು ನೋಡಿದ್ದಾರೆ…

ಈಗಲೇ ಅವರಿಗೆ ಫೋನ್ ಮಾಡಿ. ತಡ ಮಾಡಿದ್ರೆ ಇನ್ನೊಬ್ಬನಿಗೆ ಕೊಟ್ಟುಬಿಡ್ತಾರೆ… ಯಾವ ಮುಖ ಇಟ್ಕೊಂಡು ಮಾಡಲಿ ಅಂತೀರಾ. ನಾಚಿಕೆ ಪಡಬೇಕಾದವನು ನಾನಮ್ಮ. ನಾನೇ ಅವರಿಗೆ ಮಾಡ್ತೀನಿ, ತಪ್ಪು ನನ್ನದು ಅಂತೀನಿ… ಬೇಡ್ವಾ?… ಆಯ್ತು. ನಿಮ್ಮಿಷ್ಟ…

ಹೌದು, ತಿಂದೆ… ಗೊತ್ತಿತ್ತಾ ಅಂದ್ರೆ… ಎರಡನೇ ಸಲ ಬಂದಾಗ ಅನುಮಾನ ಬಂತು. ನಿಮ್ಮ ಸ್ವೆಟರ್ ಮೇಲೆ ನಲವತ್ನಾಲ್ಕು ಇತ್ತು. ಎಲ್ಲರಿಗಿಂತ ಮೊದಲು ನನ್ನ ತಟ್ಟೆಗೇ ದೊಡ್ಡ ತುಂಡು ಹಾಕಿದ್ರಿ. ಈ ತಾಯಿ ಏನೋ ತಪ್ಪು ತಿಳ್ಕೊಂಡಿದ್ದಾರೆ ಅನ್ನಿಸ್ತು… ಹೇಳಬಹುದಿತ್ತು. ನಿಮ್ಮ ಹೈಸ್ಕೂಲ್ ಕೋಚ್ ಕಿವಿಗೆ ಒಂದು ಮಾತು ಹಾಕಿದ್ರೂ ಸಾಕಿತ್ತು. ಮಾತಾಡೋ ಹಾಗಿಲ್ಲ ಅನ್ನೋ ನಿಯಮ ಇತ್ತಲ್ಲ, ಅದನ್ನೇ ಹೊದ್ಕೊಂಡು ಕೂತೆ. ಮೂರನೇ ಸಲಾನೂ ತಟ್ಟೆ ಒಡ್ಡಿದೆ. ಹೇಳೋಕೇ ನಾಚಿಕೆ ಆಗ್ತಿದೆ…

ಅತ್ತುಬಿಡಿ ಅಮ್ಮ. ಇಲ್ಲಾ ಬೈದುಬಿಡಿ…

ಹಲೋ… ಯಾರದು? ಗ್ರೇಡಿ?… ಸ್ಪೀಕರ್ ಹಾಕಿದ್ರಾ? ಮೊದಲಿಂದ್ಲೂನಾ?… ಮಗಾ. ಎಲ್ಲಾ ಕೇಳಿಸ್ಕೊಂಡ್ಯಾ…

ಪರವಾಗಿಲ್ಲ ಅಂತ ನೀನು ಹೇಳಬೇಡ. ಇದು ಪರವಾಗಿಲ್ಲ ಅನ್ನೋ ಮಾತಲ್ಲ…

ಏನೋ ಕೇಳಬೇಕಾ? ಕೇಳು ಮಗಾ, ಏನು ಬೇಕಾದ್ರೂ ಕೇಳು… ಮೂರು ಆಟ ನೋಡಿದ್ದೀರಲ್ಲ, ನಾನು ಏನು ತಿದ್ಕೋಬೇಕು ಅಂತಾನಾ?… ಕೆಂಟಕಿ ಕೋಚ್ ಕೇಳಿದ್ರೆ ಹೇಳೋಕಾ…

ಅದು… ಪಾದ ಸ್ವಲ್ಪ… ಹಾಂ, ಆಗಲೇ ನಿಮ್ಮಮ್ಮನಿಗೆ ಹೇಳಿದ್ನಲ್ಲ, ಆ ಬಲಗೈ ಹೊಡೆತ, ಅದನ್ನ ಇನ್ನೂ…

ಏನಂದೆ?… ಎಡಗೈನಾ?… ಚೆಂಡು ಹಾಕೋದೂ, ಊಟ ಬರವಣಿಗೆ ಎಲ್ಲಾನೂ ಎಡಗೈಯಲ್ಲೇನಾ?…

ಇಲ್ಲ ಮಗಾ, ಫೋನ್ ಇಡಬೇಡ. ಇನ್ನೊಂದು ಸಲ ಬರ್ತೀನಿ, ನಿನ್ನನ್ನೇ ನೋಡೋಕೆ… ಗ್ರೇಡಿ?… ಹಲೋ… ಹಲೋ…