ಕ್ರೇನ್ ಚಾಲಕರ ಪ್ರಮಾಣಪತ್ರ ತಿದ್ದಿದ್ದು ಯಾರು ಎಂಬ ಬಗ್ಗೆ

ಹೇಳಿಕೆ ನೀಡುವವರು: ಯಂತ್ರಚಾಲಕರ ತರಬೇತಿ ಸಂಸ್ಥೆಯ ಪ್ರಮಾಣಪತ್ರ ವಿಭಾಗದ ಗುಮಾಸ್ತೆ. ವಯಸ್ಸು: 57. ವಾಸ: ಸಂಸ್ಥೆಯ ಹಿಂದಿನ ರಸ್ತೆ, ಔಷಧಿ ಅಂಗಡಿಯ ಮೇಲಿನ ಮಹಡಿ. ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಾನು ಈ ಸಂಸ್ಥೆಯಲ್ಲಿ 31 ವರ್ಷಗಳಿಂದ ಇದ್ದೇನೆ. ನಿವೃತ್ತಿಗೆ 11 ತಿಂಗಳು ಬಾಕಿ. ಎರಡು ವರ್ಷಗಳಿಂದ ನಾವು ಪ್ರಮಾಣಪತ್ರವನ್ನು ಕಾಗದದಲ್ಲಿ ಕೊಡುತ್ತಿಲ್ಲ, ಫೈಲಾಗಿ ಮೊಬೈಲಿಗೆ ಕಳಿಸುತ್ತೇವೆ. ಕಂಪ್ಯೂಟರಿನಲ್ಲಿ 'ನೀಡು' ಎಂಬುದನ್ನು ಒತ್ತಿದೊಡನೆ ಫೈಲಿಗೆ ಕಣ್ಣಿಗೆ ಕಾಣದ ಮೊಹರು ಬೀಳುತ್ತದೆ. ಆಮೇಲೆ ಅದರಲ್ಲಿ ಒಂದು ಚುಕ್ಕೆ ಬದಲಾದರೂ ಮೊಹರು ಒಡೆಯುತ್ತದೆ. ಯಾರು ಬೇಕಾದರೂ, ನಮ್ಮನ್ನು ಒಂದು ಮಾತೂ ಕೇಳದೆ, ಪರಿಶೀಲನೆಯ ಜಾಲತಾಣಕ್ಕೆ ಫೈಲು ಹಾಕಿ ನೋಡಬಹುದು. ಆ ಜಾಲತಾಣ ನಮ್ಮದಲ್ಲ, ನಮ್ಮ ಮುಲಾಜೂ ಅದಕ್ಕಿಲ್ಲ.

13ನೇ ತಾರೀಖು ಬುಧವಾರ ಬೆಳಿಗ್ಗೆ 10.40ಕ್ಕೆ ಸರಕು ಯಾರ್ಡಿನ ಭದ್ರತಾ ಅಧಿಕಾರಿ ಫೋನ್ ಮಾಡಿ, ಕೆಲಸಕ್ಕೆ ಸೇರಲು ಬಂದ ಕ್ರೇನ್ ಚಾಲಕನೊಬ್ಬನ ಪ್ರಮಾಣಪತ್ರ 'ತಿದ್ದಲಾಗಿದೆ' ಎಂದು ತೋರಿಸುತ್ತಿದೆ ಎಂದರು. ಫೈಲು ಕಳಿಸಿದರು. ನಾನೂ ಹಾಕಿ ನೋಡಿದೆ. ಕೆಂಪಕ್ಷರದಲ್ಲಿ ಅದೇ ಬಂತು. ಎರಡು ನಿಮಿಷವೂ ಯೋಚಿಸದೆ, ಪ್ರಮಾಣಪತ್ರ ನಮ್ಮದೇ, ತಿದ್ದಿದ್ದು ಅವನೇ, ಇಂಥವರನ್ನು ಸುಮ್ಮನೆ ಬಿಡಬಾರದು ಎಂದೆ. ಕೊನೆಯ ಮಾತನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ದೊಡ್ಡಸ್ತಿಕೆಗೆ ಸೇರಿಸಿದ್ದು. ನನ್ನ ಮಾತಿನ ಮೇಲೆಯೇ 12.15ಕ್ಕೆ ಆ ಚಾಲಕರನ್ನು ಈ ಠಾಣೆಗೆ ಕರೆತಂದರೆಂದು ಆಮೇಲೆ ತಿಳಿಯಿತು.

ಇಂದು ಬೆಳಿಗ್ಗೆ 9.50ಕ್ಕೆ ಆ ಚಾಲಕರ ಅಕ್ಕ ನನ್ನ ಕೌಂಟರಿಗೆ ಬಂದರು. ಹೊಲಿಗೆ ಕೆಲಸದವರು. ಅಳತೆ ಟೇಪನ್ನು ಕೊರಳಿಂದ ತೆಗೆದಿಡಲೂ ಮರೆತು ಬಂದಿದ್ದರು. ಗಲಾಟೆ ಮಾಡಲಿಲ್ಲ. ತಮ್ಮನು ಮೂರು ಸಲ ಪರೀಕ್ಷೆಗೆ ಕೂತು ಪಾಸಾದವನೆಂದೂ, ಇಂದು ಸಂಜೆ 5ರೊಳಗೆ ಯಾರ್ಡಿನ ಗೇಟಿನಲ್ಲಿ ಹಾಜರಾಗದಿದ್ದರೆ ಕೆಲಸ ಬೇರೆಯವರ ಪಾಲಾಗುತ್ತದೆಂದೂ ತಿಳಿಸಿದರು. ಆಮೇಲೆ, "ಅವನಿಗೆ ಫೋನಲ್ಲಿ ಒಂದು ಫೋಟೋ ಕತ್ತರಿಸೋಕೂ ಬರಲ್ಲ ಮೇಡಂ. ಅವನು ಕಳ್ಳ ಅಂತ ನನ್ನ ಮುಖ ನೋಡಿ ಒಂದ್ಸಲ ಹೇಳಿಬಿಡಿ, ಕೇಳ್ಕೊಂಡು ಹೋಗ್ತೀನಿ" ಎಂದರು.

ಅವರನ್ನು ಬೆಂಚಿನ ಮೇಲೆ ಕೂರಿಸಿ, 10.05ಕ್ಕೆ ನಮ್ಮ ಕಂಪ್ಯೂಟರಿನಲ್ಲಿ ಉಳಿದಿದ್ದ ಮೂಲ ಫೈಲನ್ನು ತೆಗೆದೆ. ಜಾಲತಾಣ ಅದನ್ನು 'ಸರಿಯಿದೆ' ಎಂದಿತು. ಎರಡನ್ನೂ ಪಕ್ಕಪಕ್ಕ ಇಟ್ಟೆ. ಹೆಸರು, ಅಂಕ, ದಿನಾಂಕ ಎಲ್ಲ ಒಂದೇ. ಚಾಲಕರ ಬಳಿಯಿದ್ದದ್ದರ ಕೆಳತುದಿಯಲ್ಲಿ ಮಾತ್ರ ನಮ್ಮ ಪ್ರಾಂಶುಪಾಲರ ಹಸಿರು ಸಹಿಯ ಚಿತ್ರವಿತ್ತು. ಅದನ್ನು ಅಂಟಿಸಿದವಳು ನಾನು.

ಹೊಸ ಪದ್ಧತಿ ಬಂದಾಗ, ಸಹಿಯಿಲ್ಲದ ಪ್ರಮಾಣಪತ್ರ ಬೋಳುಬೋಳಾಗಿ ಕಾಣುತ್ತದೆ ಎಂದು ಪ್ರಾಂಶುಪಾಲರು ಹಟ ಹಿಡಿದಿದ್ದರು. ಹಾಗಾಗಿ ನಾನು 'ನೀಡು' ಒತ್ತಿದ ಮೇಲೆ ಫೈಲು ತೆರೆದು, ಸಹಿಯ ಚಿತ್ರ ಅಂಟಿಸಿ, ನಂತರ ಕಳಿಸುತ್ತಿದ್ದೆ. ಮೊಹರು ಹಾಕಿದ ಕೈಯಲ್ಲೇ ಮೊಹರು ಒಡೆಯುತ್ತಿದ್ದೆ. ಹೀಗೆ 214 ಮಂದಿಗೆ ಕಳಿಸಿದ್ದೇನೆ. ಎರಡು ವರ್ಷ ಯಾರೂ ಪರಿಶೀಲಿಸಲಿಲ್ಲ. ಸಹಿ ನೋಡಿ ತಲೆಯಾಡಿಸಿ ಕೆಲಸ ಕೊಟ್ಟರು. ಜಾಲತಾಣ ತಿದ್ದಲಾಗಿದೆ ಎಂದಿತ್ತೇ ಹೊರತು ಯಾರು ತಿದ್ದಿದರೆಂದು ಹೇಳಿರಲಿಲ್ಲ. ಅದನ್ನು ಹೇಳಿದವಳೂ ನಾನೇ.

11.20ಕ್ಕೆ ಪ್ರಾಂಶುಪಾಲರ ಕೋಣೆಗೆ ಹೋಗಿ ತಿಳಿಸಿದೆ. ಅವರು ಕನ್ನಡಕ ಒರೆಸಿಕೊಳ್ಳುತ್ತಾ, ಆ ಹುಡುಗನಿಗೆ ಸದ್ದಿಲ್ಲದೆ ಹೊಸದೊಂದು ಕಳಿಸಿಬಿಡಿ, ಸಂಸ್ಥೆಯ ಮರ್ಯಾದೆ ಬೀದಿಪಾಲು ಮಾಡಬೇಡಿ, ನಿಮ್ಮ ಪಿಂಚಣಿಯನ್ನೂ ನೆನಪಿಟ್ಟುಕೊಳ್ಳಿ ಎಂದರು. ನನಗೆ ಮೈಯೆಲ್ಲ ಉರಿಯಿತು. ಹೊರಬಂದೆ. 214 ಮಂದಿಯ ಪಟ್ಟಿಯನ್ನು ಮುದ್ರಿಸಿಕೊಂಡು, ಆ ಅಕ್ಕನ ಜೊತೆ ಒಂದೂವರೆ ಕಿಲೋಮೀಟರ್ ನಡೆದು 12.40ಕ್ಕೆ ಇಲ್ಲಿಗೆ ಬಂದೆ.

1.15ಕ್ಕೆ ಠಾಣೆಯ ಬರಹಗಾರರು ತಮ್ಮದೇ ಕಂಪ್ಯೂಟರಿನಲ್ಲಿ ಎರಡೂ ಫೈಲುಗಳನ್ನು ಪರಿಶೀಲಿಸಿದರು. ನಾನು ಕೀಲಿಮಣೆ ಮುಟ್ಟಲಿಲ್ಲ. ಫಲಿತಾಂಶ ಮೇಲೆ ಹೇಳಿದಂತೆಯೇ ಬಂತು. ಈ ವಿಷಯದಲ್ಲಿ ನನ್ನ ಮಾತನ್ನು ಮತ್ತೊಮ್ಮೆ ಯಾರೂ ನಂಬಬೇಕಾಗಿಲ್ಲ.

ಇಲ್ಲಿಗೆ ಬಂದಾಗ ಚಾಲಕರು ಒಳಗಿನ ಬೆಂಚಿನ ಮೇಲೆ ಕುಳಿತಿದ್ದರು. ನನ್ನನ್ನು ಕಂಡು ಎದ್ದು ನಿಂತರು. "ನೀವೇ ಬಂದ್ರಲ್ಲ ಮೇಡಂ, ಇನ್ನು ಭಯ ಇಲ್ಲ" ಎಂದರು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ. ಅವರ ಮೇಲೆ ಬೆರಳು ತೋರಿಸಿದವಳು ನಾನೆಂದು ಅವರಿಗೆ ಇನ್ನೂ ಗೊತ್ತಿಲ್ಲ.

ಈಗ ಗಂಟೆ 2.30. ಯಾರ್ಡಿನ ಗೇಟು ಇಲ್ಲಿಂದ 9 ಕಿಲೋಮೀಟರ್. ಅವರನ್ನು ಈಗಲೇ ಬಿಟ್ಟು ಕಳಿಸಬೇಕೆಂದೂ, ಕಳಿಸುವ ಮೊದಲು ಈ ಹೇಳಿಕೆಯನ್ನು ನನ್ನ ಎದುರಿನಲ್ಲೇ ಅವರಿಗೆ ಓದಿ ಹೇಳಬೇಕೆಂದೂ ಕೋರುತ್ತೇನೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ಎಲ್ಲವೂ ನಿಜ, ನಾನು ಹೇಳಿದಂತೆಯೇ ಇದೆ.

ಸ್ಥಳ: ಠಾಣೆ, ಬರಹಗಾರರ ಕೋಣೆ
ದಿನಾಂಕ: 14, ಗುರುವಾರ
(ಸಹಿ)
ಗುಮಾಸ್ತೆ, ಪ್ರಮಾಣಪತ್ರ ವಿಭಾಗ