ಟೀಚರು ಹೇಳಿದ ಹಲ್ಲಿ

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟ ಬಸ್ಸಿನಲ್ಲಿ, ಒಬ್ಬರೇ ಪ್ರಯಾಣಿಸುತ್ತಿದ್ದ ಜಟ್ಟಪ್ಪನವರ ಮುಂದಿನ ಸೀಟಿಗೆ ಒಬ್ಬ ಅಪ್ಪ, ಶಾಲು ಹೊದ್ದ ಮಗಳು ಬಂದು ಕೂತಿದ್ದರು. ಸೋಗಾನೆ ಹತ್ತಿರ, ತವರಿಗೆ ಹೋಗಿದ್ದ ತಾಯಿಯೂ ಹತ್ತಿದಳು. ಮಗಳ ಶಾಲು ಸರಿಸಿದವಳೇ ಹೌಹಾರಿದಳು.

“ಏನ್ರೀ ಇದು?”

“ಹಲ್ಲಿ ಕಣೆ, ಫ್ಯಾನ್ಸಿ ಡ್ರೆಸ್ಸಿಗೆ. ಮೈಗೆ ಸಿಮೆಂಟ್ ಚೀಲದ ಕಾಗದ, ಬಾಲಕ್ಕೆ ಹಳೇ ಸೈಕಲ್ ಟ್ಯೂಬು. ಎಲ್ಲ ಮೈದಾ ಅಂಟಲ್ಲೇ ಅಂಟ್ಸಿದೀನಿ.”

“ಹಲ್ಲಿ ಮಾಡಿ ಅಂತ ಯಾರು ಹೇಳಿದ್ರು?”

“ಟೀಚರೇ ಫೋನ್ ಮಾಡಿ ಹೇಳಿದ್ರು. ‘ಕವನಂಗೆ ಹಲ್ಲಿ ಹುಡುಗಿ ವೇಷ ಹಾಕ್ಸಿ’ ಅಂತ.”

“ಅಯ್ಯೋ ಮಾರಾಯ್ರೇ! ಆ ಟೀಚರಿಗೆ ‘ಳ’ ಹೊರಳಲ್ಲ. ಬಾಳೆಹಣ್ಣಿಗೂ ಬಾಲೆಹಣ್ಣು ಅಂತಾರೆ. ಅವರು ಹೇಳಿದ್ದು ಹಳ್ಳಿ ಹುಡುಗಿ!”

ಅಪ್ಪ ಸ್ವಲ್ಪ ಹೊತ್ತು ಬಾಲವನ್ನೇ ನೋಡಿದ.

“ಸೊಂಟದ ಮೇಲೆ ಬಿಂದಿಗೆ ಇರ್ಲಿ ಅಂದಾಗ ನಂಗೂ ಅನ್ನಿಸ್ತು, ಹಲ್ಲಿಗ್ಯಾಕೆ ಬಿಂದಿಗೆ ಅಂತ.”

“ಕೇಳಬಾರದಿತ್ತಾ?”

“ಟೀಚರಿಗೆ ಎದುರು ಮಾತಾಡ್ಲಾ? ರಟ್ಟಲ್ಲಿ ಬಿಂದಿಗೆನೂ ಮಾಡಿ ತಂದಿದೀನಿ.”

“ಮೊದ್ಲು ಆ ಬಾಲ ಕಿತ್ತಾಕಿ. ಬ್ಯಾಗಲ್ಲಿ ನನ್ನ ಸೀರೆ ಇದೆ, ಉಡಿಸ್ತೀನಿ.”

“ನಾನು ಬಾಲ ಕೊಡಲ್ಲ!” ಮಗಳು ಬಾಲವನ್ನು ತಬ್ಬಿಕೊಂಡಳು.

“ಇರ್ಲಿ ಬಿಡೆ,” ಎಂದ ಅಪ್ಪ. “ಹಳ್ಳಿ ಹುಡುಗೀರು ಹತ್ತು ಜನ ಬಂದಿರ್ತಾರೆ. ಹಲ್ಲಿ ಇವಳೊಬ್ಬಳೇ. ಫಸ್ಟ್ ಪ್ರೈಜ್ ನಮಗೇ, ನೋಡ್ತಿರು.”

“ಲೊಚ್ ಲೊಚ್ ಲೊಚ್,” ಎಂದಳು ಮಗಳು.

ತಾಯಿಯ ಬೆರಳು ತಾನಾಗಿಯೇ ಸೀಟಿನ ಕಂಬಿಯನ್ನು ಕುಟ್ಟಿತು. “ಕೃಷ್ಣ ಕೃಷ್ಣ.”

ಶಿವಮೊಗ್ಗದಲ್ಲಿ ಅಪ್ಪ ಬಿಂದಿಗೆ ಹಿಡಿದು ಮುಂದೆ ಇಳಿದ. ಬಾಗಿಲಿಗೆ ಸಿಕ್ಕದ ಹಾಗೆ ಬಾಲ ಎತ್ತಿ ಹಿಡಿದುಕೊಂಡು ಹಿಂದೆ ಇಳಿದವಳು ತಾಯಿಯೇ.